ಬೆಸುಗೆಯ ಸ್ವಿಚ್ಚೋ, ಕಿತ್ತು ಬದಲಾಯಿಸುವ ಸ್ವಿಚ್ಚೋ: ಬಳ್ಳಾರಿ, ರಾಯಚೂರು, ಕೊಪ್ಪಳದವರಿಗೆ ಮೆಕ್ಯಾನಿಕಲ್ ಕೀಬೋರ್ಡ್ ಆಯ್ಕೆಯ ಮಾರ್ಗದರ್ಶಿ

ಮೆಕ್ಯಾನಿಕಲ್ ಕೀಬೋರ್ಡ್ ಕೊಳ್ಳಲು ಹೊರಟವರು ಸಾಮಾನ್ಯವಾಗಿ ಬೆಲೆ ಕೇಳುತ್ತಾರೆ, ದೀಪದ ಬಣ್ಣ ನೋಡುತ್ತಾರೆ, ನಾಲ್ಕಾರು ಕೀಲಿಗಳನ್ನು ಒತ್ತಿ ಸದ್ದು ಹೇಗಿದೆ ಎಂದು ಪರೀಕ್ಷಿಸುತ್ತಾರೆ. ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳಲ್ಲಿ ಕೆಲಸ ಮಾಡುವವರು ಇವೆಲ್ಲಕ್ಕಿಂತ ಮೊದಲು ವಿಚಾರಿಸಬೇಕಾದದ್ದು ಬೇರೆಯೇ ಇದೆ: ಒಂದು ಕೀಲಿ ಕೆಟ್ಟ ದಿನ ಅದನ್ನು ಸರಿಪಡಿಸುವವರು ಯಾರು, ಅವರು ಎಷ್ಟು ದೂರದಲ್ಲಿದ್ದಾರೆ, ಅಲ್ಲಿಯವರೆಗೆ ಕೆಲಸ ಹೇಗೆ ನಡೆಯುತ್ತದೆ? ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲೋ ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರಿನಲ್ಲೋ ಅರ್ಧ ದಿನದಲ್ಲಿ ಮುಗಿಯಬಹುದಾದ ಕೆಲಸಕ್ಕೆ ಸಿಂಧನೂರಿನ ಡಿಟಿಪಿ ಕೇಂದ್ರದವರು ಕೀಬೋರ್ಡನ್ನು ಕಟ್ಟಿ ಕೊರಿಯರ್‌ನಲ್ಲಿ ಕಳುಹಿಸಿ ಕಾಯಬೇಕಾಗುತ್ತದೆ. ಬೆಸುಗೆಯಿಲ್ಲದೆ ಕೈಯಿಂದಲೇ ಕಿತ್ತು ಬದಲಾಯಿಸಬಹುದಾದ ಸ್ವಿಚ್‌ಗಳಿರುವ ಕೀಬೋರ್ಡನ್ನು, ಅಂದರೆ ಹಾಟ್‌ಸ್ವ್ಯಾಪ್ ಕೀಬೋರ್ಡನ್ನು, ಈ ಭಾಗದ ಹೆಚ್ಚಿನವರಿಗೆ ನಾನು ಸೂಚಿಸುವುದು ಈ ಕಾರಣದಿಂದಲೇ. ಆದರೆ ಪೆಟ್ಟಿಗೆಯ ಮೇಲೆ ಆ ಹೆಸರು ಅಚ್ಚಾಗಿದ್ದರೆ ಸಾಲದು. ಒಳಗಿರುವ ಸಾಕೆಟ್ ಯಾವ ಬಗೆಯದು ಎಂಬುದರ ಮೇಲೆ ಅದರ ಉಪಯುಕ್ತತೆ ನಿಂತಿದೆ. ಕೆಲವರಿಗಂತೂ ಹಳೆಯ ಬೆಸುಗೆಯ ಕೀಬೋರ್ಡೇ ಇಂದಿಗೂ ತಕ್ಕದ್ದು.

ಒಳಗೆ ಏನಿದೆ

ಮೆಕ್ಯಾನಿಕಲ್ ಕೀಬೋರ್ಡಿನಲ್ಲಿ ಪ್ರತಿ ಕೀಲಿಗೂ ಪ್ರತ್ಯೇಕವಾದ ಒಂದು ಸ್ವಿಚ್ ಇರುತ್ತದೆ. ಅದರೊಳಗೆ ಒಂದು ಸ್ಪ್ರಿಂಗ್, ಮೇಲೆ ಕೆಳಗೆ ಚಲಿಸುವ ಒಂದು ಪ್ಲಾಸ್ಟಿಕ್ ಕಡ್ಡಿ ಮತ್ತು ಪರಸ್ಪರ ತಾಗಿದಾಗ ವಿದ್ಯುತ್ತನ್ನು ಹರಿಯಬಿಡುವ ಎರಡು ಲೋಹದ ತೆಳು ತಗಡುಗಳಿರುತ್ತವೆ. ಆ ತಗಡುಗಳ ತುದಿಗಳೇ ಸ್ವಿಚ್ಚಿನ ತಳದಲ್ಲಿ ಎರಡು ಪಿನ್‌ಗಳಾಗಿ ಹೊರಗೆ ಚಾಚಿಕೊಂಡಿರುತ್ತವೆ. ಇಂದು ಮಾರುಕಟ್ಟೆಯಲ್ಲಿರುವ ಬಹುಪಾಲು ಸ್ವಿಚ್‌ಗಳು ಚೆರ್ರಿ ಕಂಪನಿಯು 1980ರ ದಶಕದ ಆರಂಭದಲ್ಲಿ ಹೊರತಂದ ಎಂಎಕ್ಸ್ ವಿನ್ಯಾಸವನ್ನೇ ಅನುಸರಿಸುತ್ತವೆ. ಅದರ ಪೇಟೆಂಟಿನ ಅವಧಿ ಮುಗಿದ ಮೇಲೆ ಗೇಟರಾನ್, ಕೈಲ್, ಔಟೆಮು ಮೊದಲಾದ ಚೀನಾದ ತಯಾರಕರು ಅದೇ ಅಳತೆಯಲ್ಲಿ ನೂರಾರು ಬಗೆಗಳನ್ನು ತಯಾರಿಸತೊಡಗಿದರು. ಒಂದು ಕಂಪನಿಯ ಕೀಬೋರ್ಡಿಗೆ ಇನ್ನೊಂದು ಕಂಪನಿಯ ಸ್ವಿಚ್ ಹಾಕುವ ಅವಕಾಶ ಹುಟ್ಟಿದ್ದು ಈ ಸಮಾನ ಅಳತೆಯಿಂದ.

ಬೆಸುಗೆಯ ಕೀಬೋರ್ಡಿನಲ್ಲಿ ಆ ಎರಡು ಪಿನ್‌ಗಳು ಒಳಗಿನ ಸರ್ಕ್ಯೂಟ್ ಬೋರ್ಡಿನ ರಂಧ್ರಗಳನ್ನು ಹಾದು ಹೋಗಿ ಹಿಂಬದಿಯಲ್ಲಿ ತವರದ ಬೆಸುಗೆಯಿಂದ ಭದ್ರವಾಗುತ್ತವೆ. 104 ಕೀಲಿಗಳ ಪೂರ್ಣ ಕೀಬೋರ್ಡಿನಲ್ಲಿ ಸ್ವಿಚ್‌ಗಳದ್ದೇ 208 ಬೆಸುಗೆಗಳಾದವು. ಹಳೆಯ ಮಾದರಿಗಳಲ್ಲಿ ಪ್ರತಿ ಸ್ವಿಚ್ಚಿನ ಮೂಲಕ ಪುಟ್ಟ ದೀಪವೊಂದರ ಎರಡು ಕಾಲುಗಳೂ ಇಳಿದಿದ್ದರೆ ಆ ದೀಪವನ್ನು ಮೊದಲು ಬಿಡಿಸದೆ ಸ್ವಿಚ್ಚನ್ನು ತೆಗೆಯಲಾಗದು. ಹಾಟ್‌ಸ್ವ್ಯಾಪ್ ಕೀಬೋರ್ಡಿನಲ್ಲಿ ಬೆಸುಗೆಯಾಗುವುದು ಸಾಕೆಟ್. ಸ್ವಿಚ್ಚಿನ ಪಿನ್ ಆ ಸಾಕೆಟ್ಟಿನೊಳಗೆ ಬಿಗಿಯಾಗಿ ಕೂರುತ್ತದೆಯಷ್ಟೆ. ಕೆಟ್ಟ ಸ್ವಿಚ್ಚನ್ನು ತಂತಿಯ ಚಿಕ್ಕ ಇಕ್ಕಳದಿಂದ ಮೇಲಕ್ಕೆಳೆದು ಹೊಸದನ್ನು ಒತ್ತಿ ಕೂರಿಸಲು ಕಾವಾಗಲಿ ತವರವಾಗಲಿ ಬೇಡ.

ಬೆಸುಗೆಯ ಕೀಬೋರ್ಡ್ ಯಾರಿಗೆ ತಕ್ಕದ್ದು

ಈ ಭಾಗದ ತಾಲ್ಲೂಕು ಕಚೇರಿಗಳ ಎದುರಿನ ಪತ್ರ ಬರಹಗಾರರ ಅಂಗಡಿಗಳಲ್ಲಿ, ಲಗ್ನಪತ್ರಿಕೆ ಮುದ್ರಿಸುವ ಡಿಟಿಪಿ ಕೇಂದ್ರಗಳಲ್ಲಿ, ಎಪಿಎಂಸಿಯ ದಲ್ಲಾಳಿ ಮಳಿಗೆಗಳಲ್ಲಿ ಟಿವಿಎಸ್ ಗೋಲ್ಡ್ ಕೀಬೋರ್ಡ್ ಚಿರಪರಿಚಿತ. ಚೆರ್ರಿ ನೀಲಿ ಸ್ವಿಚ್‌ಗಳೊಂದಿಗೆ ಬಹುಕಾಲ ಮಾರಾಟವಾದ ಬೆಸುಗೆಯ ಕೀಬೋರ್ಡ್ ಅದು, ಟಕಟಕ ಸದ್ದು ಅದರ ಗುರುತು. ನಮ್ಮ ದೇಶದ ಎಷ್ಟೋ ಬೆರಳಚ್ಚುಗಾರರಿಗೆ ಮೆಕ್ಯಾನಿಕಲ್ ಕೀಬೋರ್ಡಿನ ಸುಖವನ್ನು ಮೊದಲು ತೋರಿಸಿಕೊಟ್ಟದ್ದು ಅದೇ ಎಂಬುದನ್ನು ಗೌರವದಿಂದ ನೆನೆಯಬೇಕು. ಅಂಥ ಕೀಬೋರ್ಡ್ ಈಗಾಗಲೇ ಮೇಜಿನ ಮೇಲಿದ್ದು ಚೆನ್ನಾಗಿ ನಡೆಯುತ್ತಿದ್ದರೆ ಹೊಸ ತಂತ್ರದ ಆಸೆಗೆ ಅದನ್ನು ಬದಿಗಿಡುವ ಅಗತ್ಯ ಕಾಣುವುದಿಲ್ಲ.

ಬೆಸುಗೆಯ ಜೋಡಣೆಯ ಮುಖ್ಯ ಗುಣ ಭದ್ರತೆ. ಸ್ವಿಚ್ ಅಲುಗುವುದಿಲ್ಲ, ಸಾಗಾಟದಲ್ಲಿ ಸಡಿಲಗೊಳ್ಳುವುದಿಲ್ಲ, ಪಿನ್ ಮತ್ತು ಬೋರ್ಡಿನ ನಡುವೆ ಧೂಳು ಸೇರಲು ಎಡೆಯಿರುವುದಿಲ್ಲ. ಕೀಬೋರ್ಡನ್ನು ಬಿಡಿಭಾಗಗಳಿಂದ ತಾವೇ ಕಟ್ಟಿಕೊಳ್ಳುವವರಿಗೆ ಇನ್ನೊಂದು ಅನುಕೂಲವುಂಟು: ಬೆಸುಗೆಯ ಬೋರ್ಡಿನಲ್ಲಿ ಒಂದೇ ಜಾಗದಲ್ಲಿ ಹಲವು ರಂಧ್ರಗಳನ್ನು ಅಕ್ಕಪಕ್ಕ ಕೊರೆದಿರಬಹುದಾದ್ದರಿಂದ ಬ್ಯಾಕ್‌ಸ್ಪೇಸನ್ನು ಎರಡಾಗಿ ಒಡೆಯುವುದು, ಎಡಗಡೆಯ ಶಿಫ್ಟನ್ನು ಚಿಕ್ಕದು ಮಾಡುವುದು ಮೊದಲಾದ ವಿನ್ಯಾಸಗಳಲ್ಲಿ ಬೇಕಾದದ್ದನ್ನು ಆರಿಸಿಕೊಳ್ಳಬಹುದು, ಸಾಕೆಟ್‌ಗಳು ಜಾಗ ತಿನ್ನುವುದರಿಂದ ಹಾಟ್‌ಸ್ವ್ಯಾಪ್ ಬೋರ್ಡುಗಳಲ್ಲಿ ಕೀಲಿಗಳ ಜೋಡಣೆ ಬಹುತೇಕ ಒಂದೇ ರೀತಿಗೆ ನಿಗದಿಯಾಗಿರುತ್ತದೆ.

ತೊಂದರೆ ಎದುರಾಗುವುದು ದುರಸ್ತಿಯಲ್ಲಿ. ತವರ ಮತ್ತು ಸೀಸ 63:37ರಲ್ಲಿ ಬೆರೆತ ಬೆಸುಗೆ 183 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಕಾರ್ಖಾನೆಗಳಲ್ಲಿ ಈಗ ಹೆಚ್ಚಾಗಿ ಬಳಸುವ ಸೀಸರಹಿತ ಬೆಸುಗೆಗೆ ಸುಮಾರು 217 ಡಿಗ್ರಿ ಬೇಕು. ಕೆಲಸಕ್ಕೆ ಸಾಲ್ಡರಿಂಗ್ ಐರನ್ನಿನ ತುದಿಯನ್ನು 320ರಿಂದ 350 ಡಿಗ್ರಿಗೆ ಕಾಯಿಸಿಕೊಳ್ಳುವುದು ವಾಡಿಕೆ. ಅಷ್ಟು ಕಾವನ್ನು ಒಂದೇ ಕಡೆ ಹೆಚ್ಚು ಹೊತ್ತು ಹಿಡಿದರೆ ರಂಧ್ರದ ಸುತ್ತಲಿನ ತಾಮ್ರದ ಬಿಲ್ಲೆ ಬೋರ್ಡಿನಿಂದ ಎದ್ದು ಬರುತ್ತದೆ, ಮತ್ತು ಒಂದು ಸ್ವಿಚ್ಚಿನ ತೊಂದರೆ ಬೋರ್ಡಿನ ತೊಂದರೆಯಾಗಿ ಬೆಳೆಯುತ್ತದೆ. ಬಳ್ಳಾರಿಯ ಬೆಂಗಳೂರು ರಸ್ತೆಯಲ್ಲಾಗಲಿ ರಾಯಚೂರಿನ ತೀನ್ ಕಂದೀಲ್ ಸುತ್ತಮುತ್ತಲಾಗಲಿ ಮೊಬೈಲ್ ದುರಸ್ತಿಯಲ್ಲಿ ಪಳಗಿದ ಕೈಗಳಿವೆ. ಕೂದಲೆಳೆಯಷ್ಟು ಸಣ್ಣ ಬೆಸುಗೆ ಮಾಡುವವರಿಗೆ ಸ್ವಿಚ್ಚಿನ ಎರಡು ಪಿನ್ ಬಿಡಿಸುವುದು ಕಷ್ಟವೇನಲ್ಲ. ಅವರಲ್ಲಿ ತವರ ಹೀರುವ ಪಂಪು ಇದೆಯೇ, ಬದಲಿ ಸ್ವಿಚ್ಚನ್ನು ನೀವೇ ತಂದುಕೊಟ್ಟರೆ ಹಾಕಿಕೊಡುತ್ತಾರೆಯೇ ಎಂದು ಮೊದಲೇ ಕೇಳಿಟ್ಟುಕೊಳ್ಳಿ. ಅಂಥವರೊಬ್ಬರ ಪರಿಚಯ ನಿಮಗಿದ್ದು, ಒಂದೇ ಬಗೆಯ ಸ್ವಿಚ್ಚಿನಲ್ಲಿ ವರ್ಷಗಟ್ಟಲೆ ಟೈಪ್ ಮಾಡುವ ಇರಾದೆ ನಿಮ್ಮದಾಗಿದ್ದರೆ, ಬೆಸುಗೆಯ ಕೀಬೋರ್ಡ್ ಕೊಳ್ಳಲು ಹಿಂಜರಿಯಬೇಕಾಗಿಲ್ಲ.

ಬೆಸುಗೆಯ ಕೀಬೋರ್ಡಿನ ಇನ್ನೊಂದು ಕಟ್ಟು ಬಹಳ ಜನರ ಗಮನಕ್ಕೆ ಬರುವುದಿಲ್ಲ. ಸ್ಪೇಸ್‌ಬಾರ್, ಎಂಟರ್, ಶಿಫ್ಟ್‌ನಂಥ ಅಗಲವಾದ ಕೀಲಿಗಳು ವಾಲದಂತೆ ಹಿಡಿದಿಡುವ ಸ್ಟೆಬಿಲೈಜರ್ ಎಂಬ ತಂತಿಯ ಜೋಡಣೆಯೊಂದಿರುತ್ತದೆ. ಬೆಸುಗೆಯಾದ ಸ್ವಿಚ್‌ಗಳು, ಅವುಗಳನ್ನು ಹಿಡಿದಿಡುವ ಮೇಲಿನ ಪ್ಲೇಟನ್ನೂ ಕೆಳಗಿನ ಬೋರ್ಡನ್ನೂ ಒಟ್ಟಿಗೆ ಬಿಗಿದಿರುವುದರಿಂದ, ಬೋರ್ಡಿಗೆ ಕೂರಿಸಿದ ಸ್ಟೆಬಿಲೈಜರ್ ಗಡಗಡ ಸದ್ದು ಮಾಡತೊಡಗಿದರೆ ಅದನ್ನು ಹೊರತೆಗೆಯಲು ಎಲ್ಲ ಸ್ವಿಚ್‌ಗಳ ಬೆಸುಗೆ ಬಿಡಿಸಬೇಕು. ಹಾಟ್‌ಸ್ವ್ಯಾಪ್‌ನಲ್ಲಿ ಸ್ವಿಚ್‌ಗಳನ್ನು ಕಿತ್ತರೆ ಪ್ಲೇಟು ಬಿಟ್ಟುಕೊಳ್ಳುತ್ತದೆ. ಸ್ವಿಚ್ಚನ್ನು ಬಿಚ್ಚಿ ಒಳಗೆ ಗ್ರೀಸು ಸವರುವ ಹವ್ಯಾಸವಿರುವವರಿಗೂ ಇದೇ ಮಾತು ಅನ್ವಯಿಸುತ್ತದೆ.

ಸಾಕೆಟ್ಟಿನಲ್ಲಿಯೇ ಬಗೆಗಳಿವೆ

ಆಯ್ಕೆಯ ನಿಜವಾದ ಸೂಕ್ಷ್ಮ ಇಲ್ಲಿದೆ. ಅಂಗಡಿಯವರು ಹಾಟ್‌ಸ್ವ್ಯಾಪ್ ಎಂದು ಹೇಳಿ ಮಾರುವ ಕೀಬೋರ್ಡುಗಳಲ್ಲಿ ಕನಿಷ್ಠ ಎರಡು ಬೇರೆ ಬೇರೆ ಬಗೆಯ ಸಾಕೆಟ್‌ಗಳಿರುತ್ತವೆ, ಮತ್ತು ಹೊರಗಿನಿಂದ ನೋಡಿದರೆ ಎರಡೂ ಒಂದೇ.

ಮೊದಲನೆಯದು ಪಟ್ಟಿ ಸ್ಪ್ರಿಂಗಿನ ಸಾಕೆಟ್. ಕೈಲ್, ಗೇಟರಾನ್ ಮೊದಲಾದ ತಯಾರಕರ ಈ ಸಾಕೆಟ್ ಬೋರ್ಡಿನ ಹಿಂಬದಿಯಲ್ಲಿ ಅಂಟಿಕೊಂಡಿರುವ ಪುಟ್ಟ ಪ್ಲಾಸ್ಟಿಕ್ ತುಂಡು. ಅದರೊಳಗಿನ ಲೋಹದ ಪಟ್ಟಿಗಳು ಎರಡೂ ಕಡೆಯಿಂದ ಪಿನ್ನನ್ನು ಅಮುಕಿ ಹಿಡಿಯುತ್ತವೆ. ಪಿನ್ನಿನ ದಪ್ಪದಲ್ಲಿ ಸ್ವಲ್ಪ ವ್ಯತ್ಯಾಸವಿದ್ದರೂ ಸ್ಪ್ರಿಂಗು ಹೊಂದಿಕೊಳ್ಳುವುದರಿಂದ ಚೆರ್ರಿ, ಗೇಟರಾನ್, ಕೈಲ್ ಹೀಗೆ ಎಂಎಕ್ಸ್ ಅಳತೆಯ ಬಹುತೇಕ ಎಲ್ಲ ಸ್ವಿಚ್‌ಗಳೂ ಇದರಲ್ಲಿ ಕೂರುತ್ತವೆ. ಕೈಲ್ ತನ್ನ ಸಾಕೆಟ್ಟಿಗೆ ಹೇಳುವ ಬಾಳಿಕೆ 100 ಬಾರಿ ಹಾಕಿ ತೆಗೆಯುವಷ್ಟು. ತಿಂಗಳಿಗೊಮ್ಮೆ ಸ್ವಿಚ್ ಬದಲಿಸುವವರಿಗೂ ಅದು ಎಂಟು ವರ್ಷ ಬಂದೀತು. ಕೆಟ್ಟಾಗ ಮಾತ್ರ ಬದಲಿಸುವವರಿಗೆ ಆ ಮಿತಿ ಎದುರಾಗುವ ಸಂಭವವೇ ಇಲ್ಲ.

ಎರಡನೆಯದು ಕೊಳವೆಯ ಸಾಕೆಟ್. ಬೋರ್ಡಿನ ರಂಧ್ರದೊಳಗೆ ಕೂರಿಸಿದ ತೆಳ್ಳನೆಯ ಲೋಹದ ಕೊಳವೆ ಇದು, ಅಗ್ಗದ ಕೀಬೋರ್ಡುಗಳಲ್ಲಿ ಹೆಚ್ಚು ಬಳಕೆಯಲ್ಲಿದೆ. ಔಟೆಮು ಸ್ವಿಚ್‌ಗಳ ತೆಳು ಪಿನ್ನಿಗೆಂದೇ ಇದರ ಅಳತೆ ನಿಗದಿಯಾಗಿರುವುದರಿಂದ ಬೇರೆ ಕಂಪನಿಗಳ ದಪ್ಪ ಪಿನ್ ಇದರೊಳಗೆ ಇಳಿಯುವುದಿಲ್ಲ. ಬಲವಂತವಾಗಿ ತುರುಕಿದರೆ ಪಿನ್ ಮಡಚಿಕೊಳ್ಳುತ್ತದೆ ಅಥವಾ ಕೊಳವೆ ಹಿಗ್ಗಿ ಮುಂದೆ ತೆಳು ಪಿನ್ನನ್ನೂ ಬಿಗಿಯಾಗಿ ಹಿಡಿಯಲಾರದಂತಾಗುತ್ತದೆ. ಅರದಿಂದ ಪಿನ್ನನ್ನು ಉಜ್ಜಿ ತೆಳ್ಳಗೆ ಮಾಡಿಕೊಳ್ಳುವವರಿದ್ದಾರೆ. ನನ್ನ ಅಭಿಪ್ರಾಯದಲ್ಲಿ ಅದು ಮಾಡಬಾರದ ಕೆಲಸ: ಪಿನ್ನಿನ ಮೇಲಿನ ಲೇಪ ಹೋಗಿ ಒಳಗಿನ ಲೋಹ ಗಾಳಿಗೆ ತೆರೆದುಕೊಳ್ಳುತ್ತದೆ, ಅಲ್ಲದೆ ಎಂಬತ್ತು ತೊಂಬತ್ತು ಸ್ವಿಚ್‌ಗಳ ಪಿನ್‌ಗಳನ್ನು ಒಂದೇ ಸಮನಾಗಿ ಉಜ್ಜಲು ಯಾರಿಂದಲೂ ಆಗದು. ಕೊಳವೆಯ ಸಾಕೆಟ್ಟಿನ ಕೀಬೋರ್ಡನ್ನು ಕೊಳ್ಳುವುದೇ ಆದರೆ ಅದೇ ಅಳತೆಯ ಸ್ವಿಚ್‌ಗಳನ್ನು ಮಾತ್ರ ಹಾಕುವೆನೆಂದು ತೀರ್ಮಾನಿಸಿ ಕೊಳ್ಳಬೇಕು. ಆ ಮಿತಿಯೊಳಗೆ ಅದು ಕೆಟ್ಟ ಸರಕಲ್ಲ. ಕೆಟ್ಟ ಕೀಲಿಯನ್ನು ಮನೆಯಲ್ಲೇ ಬದಲಿಸಿಕೊಳ್ಳುವ ಅನುಕೂಲ ಅದರಲ್ಲೂ ಉಳಿದಿರುತ್ತದೆ.

ಹಳೆಯ ಬೆಸುಗೆಯ ಕೀಬೋರ್ಡನ್ನೇ ಹಾಟ್‌ಸ್ವ್ಯಾಪ್ ಮಾಡಿಕೊಳ್ಳುವ ಮೂರನೆಯ ದಾರಿಯೂ ಒಂದಿದೆ. ಎಲ್ಲ ಸ್ವಿಚ್‌ಗಳನ್ನು ಬಿಡಿಸಿ ಪ್ರತಿ ರಂಧ್ರಕ್ಕೂ ಮಿಲ್‌ಮ್ಯಾಕ್ಸ್ ಕಂಪನಿಯ ಪುಟ್ಟ ಲೋಹದ ಕೊಳವೆಗಳನ್ನು ಬೆಸೆಯುವುದು ಆ ವಿಧಾನ. 208 ಬೆಸುಗೆ ಬಿಡಿಸಿ ಮತ್ತೆ 208 ಬೆಸುಗೆ ಹಾಕುವ ಈ ಕೆಲಸ ಪ್ರೀತಿಯಿಂದ ಮಾಡುವವರಿಗೆ ಮೀಸಲು. ದುಡಿಮೆಯ ಕೀಬೋರ್ಡಿಗೆ ಇದು ಬೇಡ.

ಇನ್ನು ಪಿನ್‌ಗಳ ಲೆಕ್ಕ. ಸ್ವಿಚ್‌ಗಳನ್ನು ಮೂರು ಪಿನ್ನಿನವು, ಐದು ಪಿನ್ನಿನವು ಎಂದು ಮಾರುತ್ತಾರೆ. ಲೋಹದ ಪಿನ್ ಎರಡರಲ್ಲೂ ಎರಡೇ. ನಡುವಿನ ದಪ್ಪ ಪ್ಲಾಸ್ಟಿಕ್ ಗೂಟವನ್ನು ಸೇರಿಸಿ ಮೂರು, ಅದರ ಎರಡು ಬದಿಯ ಪ್ಲಾಸ್ಟಿಕ್ ಕಾಲುಗಳನ್ನೂ ಸೇರಿಸಿ ಐದು. ಐದು ಪಿನ್ನಿನ ಬೋರ್ಡಿನಲ್ಲಿ ಎರಡೂ ಕೂರುತ್ತವೆ. ಮೂರು ಪಿನ್ನಿನ ಬೋರ್ಡಿನಲ್ಲಿ ಐದು ಪಿನ್ನಿನದನ್ನು ಕೂರಿಸಬೇಕಾದರೆ ಆ ಎರಡು ಪ್ಲಾಸ್ಟಿಕ್ ಕಾಲುಗಳನ್ನು ಉಗುರು ಕತ್ತರಿಯಿಂದ ಸಮವಾಗಿ ಕತ್ತರಿಸಿದರೆ ಸಾಕು, ಕೆಲಸಕ್ಕೆ ಏನೂ ಊನವಾಗದು. ಆಯ್ಕೆಯಿದ್ದರೆ ಐದು ಪಿನ್ನಿನ ಬೋರ್ಡನ್ನೇ ಆರಿಸಿ. ಗಿಡ್ಡ ಕೀಲಿಗಳ ತೆಳು ಕೀಬೋರ್ಡುಗಳ ವಿಚಾರ ಪೂರ್ತಿ ಬೇರೆ. ಕೈಲ್ ಚಾಕ್ ಮುಂತಾದ ಆ ಸ್ವಿಚ್‌ಗಳ ಪಿನ್‌ಗಳ ಜಾಗವೇ ಬೇರೆಯಾದ್ದರಿಂದ ಎಂಎಕ್ಸ್ ಸಾಕೆಟ್ಟಿಗೂ ಅವಕ್ಕೂ ಹೊಂದಿಕೆಯಿಲ್ಲ.

ಹಾಟ್‌ಸ್ವ್ಯಾಪ್ ಕೀಬೋರ್ಡಿನ ದುರ್ಬಲ ಜಾಗ ಯಾವುದೆಂದು ತಿಳಿದು ಕೊಳ್ಳುವುದೇ ಒಳ್ಳೆಯದು. ಪಟ್ಟಿ ಸ್ಪ್ರಿಂಗಿನ ಸಾಕೆಟ್ ಬೋರ್ಡಿನ ಮೇಲ್ಮೈಗೆ ಮಾತ್ರ ಬೆಸುಗೆಯಾಗಿರುತ್ತದೆ, ರಂಧ್ರದೊಳಗೆ ಬೇರೂರಿರುವುದಿಲ್ಲ. ಸ್ವಿಚ್ಚನ್ನು ಮೇಲಿನಿಂದ ಜೋರಾಗಿ ಅದುಮಿದಾಗ ಆ ಬಲವೆಲ್ಲ ಸಾಕೆಟ್ಟನ್ನು ಬೋರ್ಡಿನಿಂದ ಕೆಳಕ್ಕೆ ತಳ್ಳುತ್ತದೆ. ಹಿಂಬದಿಗೆ ಆಧಾರವಿಲ್ಲದಿದ್ದರೆ ತಾಮ್ರದ ಬಿಲ್ಲೆಯೊಂದಿಗೆ ಸಾಕೆಟ್ಟು ಕಿತ್ತು ಬರುತ್ತದೆ. ಅಲ್ಲಿಗೆ ಮತ್ತೆ ಸಾಲ್ಡರಿಂಗ್ ಐರನ್ ಹಿಡಿದವರ ಬಳಿಗೇ ಹೋಗಿ, ಸಣ್ಣ ತಂತಿಯಿಂದ ತುಂಡಾದ ತಾಮ್ರದ ದಾರಿಯನ್ನು ಜೋಡಿಸಿಕೊಳ್ಳಬೇಕಾಗುತ್ತದೆ. ಆದ್ದರಿಂದ ಬೋರ್ಡನ್ನು ಹೊರತೆಗೆದು ಕೆಲಸ ಮಾಡುವಾಗ ಸಾಕೆಟ್ಟಿನ ಬೆನ್ನಿಗೆ ಬೆರಳು ಕೊಟ್ಟು ಸ್ವಿಚ್ಚನ್ನು ನೇರವಾಗಿ, ಓರೆಯಾಗದಂತೆ ಇಳಿಸಬೇಕು. ಕೇಸಿನೊಳಗೇ ಇರುವಾಗ ಸ್ವಿಚ್ ಸುಲಭವಾಗಿ ಇಳಿಯದಿದ್ದರೆ ಒತ್ತಡ ಹೆಚ್ಚಿಸದೆ ಹೊರತೆಗೆದು ಪಿನ್‌ಗಳನ್ನು ನೋಡಬೇಕು. ಹೊಸದಾಗಿ ಹಾಕಿದ ಸ್ವಿಚ್ ಕೆಲಸ ಮಾಡದಿದ್ದಾಗ ಸ್ವಿಚ್ಚೇ ಸತ್ತಿದೆ ಎಂದು ತಿಳಿಯುವವರು ಬಹಳ. ಹೆಚ್ಚಿನ ಸಲ ಪಿನ್ನೊಂದು ಮಡಚಿ ಸ್ವಿಚ್ಚಿನ ಹೊಟ್ಟೆಯ ಕೆಳಗೆ ಸೇರಿಕೊಂಡಿರುತ್ತದೆ, ಚಿಮುಟದಿಂದ ನೆಟ್ಟಗೆ ಮಾಡಿದರೆ ಸರಿಹೋಗುತ್ತದೆ. ಈ ಕೆಲಸ ಮಾಡುವಾಗ ಕೇಬಲ್ ತೆಗೆದಿಡುವುದು ಕ್ಷೇಮ.

ಧೂಳು ಮತ್ತು ಕೂಲರ್

ನಮ್ಮ ಜಿಲ್ಲೆಗಳಲ್ಲಿ ಸ್ವಿಚ್ ಕೆಡುವುದಕ್ಕೆ ಸವೆತಕ್ಕಿಂತ ಧೂಳು ದೊಡ್ಡ ಕಾರಣ. ಚೆರ್ರಿ ತನ್ನ ನೀಲಿ ಸ್ವಿಚ್ಚಿಗೆ 5 ಕೋಟಿ, ಕೆಂಪು ಸ್ವಿಚ್ಚಿಗೆ 10 ಕೋಟಿ ಒತ್ತುಗಳ ಬಾಳಿಕೆ ಹೇಳುತ್ತದೆ. ಒಂದೇ ಕೀಲಿಯನ್ನು ದಿನಕ್ಕೆ 10,000 ಸಲ ಒತ್ತಿದರೂ 5 ಕೋಟಿ ತಲುಪಲು 5,000 ಕೆಲಸದ ದಿನಗಳು, ಅಂದರೆ ವರ್ಷಕ್ಕೆ 300 ದಿನದ ಲೆಕ್ಕದಲ್ಲಿ ಹದಿನಾರು ವರ್ಷಕ್ಕೂ ಹೆಚ್ಚು ಬೇಕು. ಅದಕ್ಕಿಂತ ಬಹಳ ಮೊದಲೇ ಒಮ್ಮೆ ಒತ್ತಿದರೆ ಎರಡು ಅಕ್ಷರ ಬೀಳುವುದು, ಜೋರಾಗಿ ಒತ್ತಿದರಷ್ಟೇ ಅಕ್ಷರ ಮೂಡುವುದು ಶುರುವಾಗುತ್ತದೆ. ಲೋಹದ ತಗಡುಗಳ ನಡುವೆ ಕಸ ಸೇರಿರುವುದರ ಲಕ್ಷಣವದು.

ಧೂಳಿನ ಸ್ವಭಾವ ಊರಿಂದೂರಿಗೆ ಬೇರೆ. ಸಂಡೂರು, ತೋರಣಗಲ್ಲು ಕಡೆ ಅದಿರಿನ ಕೆಂಪು ಪುಡಿ. ಬಳ್ಳಾರಿಯ ಕೌಲ್ ಬಜಾರ್ ಕಡೆಯ ಜೀನ್ಸ್ ಹೊಲಿಗೆ ಘಟಕಗಳ ಲೆಕ್ಕದ ಮೇಜಿನ ಮೇಲೆ ಬಟ್ಟೆಯ ನವಿರಾದ ಎಳೆ. ಗಂಗಾವತಿ, ಸಿಂಧನೂರು, ಮಾನ್ವಿಯ ಅಕ್ಕಿ ಗಿರಣಿಗಳಲ್ಲಿ ಎಣ್ಣೆಯಂಶವಿರುವ ತೌಡು. ಈ ಮೂರರಲ್ಲಿ ನನಗೆ ಹೆಚ್ಚು ಭಯ ತೌಡಿನದೇ, ಏಕೆಂದರೆ ಅದು ಜಿಡ್ಡಾಗಿ ಅಂಟಿಕೊಳ್ಳುತ್ತದೆ ಮತ್ತು ಗಾಳಿ ಊದಿದರೆ ಹೋಗುವುದಿಲ್ಲ. ಇದರ ಮೇಲೆ ಬೇಸಿಗೆಯ ಏರ್ ಕೂಲರ್. ಮಾರ್ಚ್‌ನಿಂದ ಜೂನ್‌ವರೆಗೆ ಅದಿಲ್ಲದೆ ಕೂರಲಾಗದ ಊರುಗಳಿವು, ಅದನ್ನು ಬಿಡಿ ಎಂದು ಹೇಳುವುದು ಸರಿಯಲ್ಲ. ಆದರೆ ಅದರ ತೇವದ ಗಾಳಿ ನೇರವಾಗಿ ಕೀಬೋರ್ಡಿಗೆ ಬಡಿಯುವಂತೆ ಮೇಜನ್ನು ಇಟ್ಟುಕೊಂಡರೆ ಒಳಸೇರಿದ ಧೂಳು ಹಸಿಯಾಗಿ ತಗಡುಗಳ ಮೇಲೆ ಪದರ ಕಟ್ಟುತ್ತದೆ. ಕೂಲರ್ ಬದಿಯಿಂದ ಬೀಸುವಂತಿರಲಿ, ಕೆಲಸ ಮುಗಿದ ಮೇಲೆ ಕೀಬೋರ್ಡಿನ ಮೇಲೊಂದು ಬಟ್ಟೆ ಇರಲಿ.

ಇಂಥ ಜಾಗಗಳಲ್ಲಿ ಹಾಟ್‌ಸ್ವ್ಯಾಪ್‌ನ ಬೆಲೆ ಎರಡು ಪಟ್ಟಾಗುತ್ತದೆ. ಕೆಟ್ಟ ಸ್ವಿಚ್ಚನ್ನು ಬದಲಿಸಬಹುದು ಎಂಬುದು ಒಂದು; ಸ್ವಿಚ್‌ಗಳನ್ನೆಲ್ಲ ಕಿತ್ತು ಪ್ಲೇಟಿನ ಮೇಲಿನ ಕಸವನ್ನು ಬ್ರಷ್ಷಿನಿಂದ ತೆಗೆದು ಮತ್ತೆ ಕೂರಿಸಬಹುದು ಎಂಬುದು ಇನ್ನೊಂದು. ಜೊತೆಗೆ ಧೂಳು ತಡೆಯುವ ಸ್ವಿಚ್‌ಗಳನ್ನೇ ಆರಿಸಿಕೊಳ್ಳುವ ಸ್ವಾತಂತ್ರ್ಯವೂ ಸಿಗುತ್ತದೆ. ಕೈಲ್‌ನ ಬಾಕ್ಸ್ ಸಾಲಿನ ಸ್ವಿಚ್‌ಗಳಲ್ಲಿ ಲೋಹದ ತಗಡುಗಳು ತಾಗುವ ಜಾಗ ಪ್ರತ್ಯೇಕವಾದ ಪುಟ್ಟ ಪೆಟ್ಟಿಗೆಯೊಳಗಿದೆ, ಮತ್ತು ಧೂಳು, ನೀರಿನ ಸಿಡಿತಕ್ಕೆ ಐಪಿ56 ದರ್ಜೆಯ ರಕ್ಷಣೆಯಿದೆಯೆಂದು ಕಂಪನಿ ಹೇಳುತ್ತದೆ. ಅಕ್ಕಿ ಗಿರಣಿಯ ಕಚೇರಿಗೆ ಕೀಬೋರ್ಡ್ ಕೊಳ್ಳುವವರಿಗೆ ನನ್ನ ಸಲಹೆ ಇದೇ: ಪಟ್ಟಿ ಸ್ಪ್ರಿಂಗಿನ ಸಾಕೆಟ್, ಅದರ ಮೇಲೆ ಬಾಕ್ಸ್ ಸ್ವಿಚ್.

ಬೆಳಕು ಮತ್ತು ಅಯಸ್ಕಾಂತದ ಸ್ವಿಚ್‌ಗಳು

ಲೋಹದ ತಗಡೇ ಇಲ್ಲದ ಸ್ವಿಚ್‌ಗಳೂ ಈಗ ಸಿಗುತ್ತವೆ. ಒಂದು ಬಗೆಯಲ್ಲಿ ಕೀಲಿ ಇಳಿದಾಗ ಬೆಳಕಿನ ಕಿರಣ ತಡೆಯಾಗುವುದನ್ನೋ ಹಾಯುವುದನ್ನೋ ಬೋರ್ಡು ಗುರುತಿಸುತ್ತದೆ. ಇನ್ನೊಂದರಲ್ಲಿ ಕೀಲಿಯ ಕಡ್ಡಿಯಲ್ಲಿರುವ ಅಯಸ್ಕಾಂತ ಹತ್ತಿರ ಬಂದಂತೆ ಬೋರ್ಡಿನಲ್ಲಿ ಅಯಸ್ಕಾಂತದ ಬಲವನ್ನು ಗುರುತಿಸುವ ಹಾಲ್ (Hall) ಸಂವೇದಕ ಅದರ ದೂರವನ್ನು ಅಳೆಯುತ್ತದೆ. ಎರಡರಲ್ಲೂ ವಿದ್ಯುತ್ ಹರಿಯುವ ಪಿನ್‌ಗಳಿಲ್ಲವಾದ್ದರಿಂದ ಸ್ವಿಚ್ಚನ್ನು ಕಿತ್ತು ಹಾಕುವುದು ಸುಲಭ, ತುಕ್ಕು ಹಿಡಿಯುವ ಸಂಪರ್ಕದ ತಲೆನೋವೂ ಇಲ್ಲ. ಆದರೆ ಬದಲಿ ಸ್ವಿಚ್ಚಿನ ಆಯ್ಕೆ ಬಹಳ ಕಿರಿದು. ಒಬ್ಬ ತಯಾರಕರ ಬೆಳಕಿನ ಸ್ವಿಚ್ ಇನ್ನೊಬ್ಬರ ಬೋರ್ಡಿಗೆ ಹೊಂದುವ ಭರವಸೆಯಿಲ್ಲ. ಅಯಸ್ಕಾಂತದ ಸ್ವಿಚ್ಚಿನಲ್ಲಿ ಧ್ರುವದ ದಿಕ್ಕೂ ಶಕ್ತಿಯೂ ಹೊಂದಬೇಕು, ಬದಲಿಸಿದ ಮೇಲೆ ತಂತ್ರಾಂಶದಲ್ಲಿ ಅಳತೆಯನ್ನು ಮತ್ತೆ ಹೊಂದಿಸಬೇಕು. ನೆದರ್‌ಲೆಂಡ್ಸ್‌ನ ವೂಟಿಂಗ್ ಕಂಪನಿ ಪ್ರಸಿದ್ಧಗೊಳಿಸಿದ ಈ ಬಗೆಯಲ್ಲಿ ಕೀಲಿ ಎಷ್ಟು ಇಳಿದಾಗ ಅಕ್ಷರ ಬೀಳಬೇಕೆಂಬುದನ್ನು 0.1 ಮಿಲಿಮೀಟರಿನಷ್ಟು ಸೂಕ್ಷ್ಮವಾಗಿ ಹೊಂದಿಸಿಕೊಳ್ಳಬಹುದು. ಸ್ಪರ್ಧೆಯ ಮಟ್ಟದಲ್ಲಿ ಆಟವಾಡುವ ಯುವಕರಿಗೆ ಅದರ ಪ್ರಯೋಜನ ನಿಜವಾದದ್ದು. ಟೈಪಿಂಗ್‌ಗೆ ಆ ಹೆಚ್ಚುವರಿ ಹಣ ವ್ಯರ್ಥ. ಲೇತ್ ಅಥವಾ ವೆಲ್ಡಿಂಗ್ ಕೆಲಸದ ಶೆಡ್ಡಿನಲ್ಲಿ ಕಂಪ್ಯೂಟರ್ ಇಟ್ಟುಕೊಂಡಿರುವವರು ಅಯಸ್ಕಾಂತದ ಸ್ವಿಚ್ಚಿನಿಂದ ದೂರವಿರಲಿ, ಉಕ್ಕಿನ ಸಣ್ಣ ಚೂರುಗಳನ್ನು ಅದು ಸೆಳೆದುಕೊಳ್ಳುತ್ತದೆ. ಸಂಡೂರಿನ ಅದಿರು ಮುಖ್ಯವಾಗಿ ಹೆಮಟೈಟ್ ಆದ್ದರಿಂದ ಅದರ ಧೂಳಿನಿಂದ ಆ ಭಯ ಅಷ್ಟಾಗಿ ಇಲ್ಲ.

ಕನ್ನಡ ಬೆರಳಚ್ಚಿನ ಲೆಕ್ಕ

ಇಂಗ್ಲಿಷಿನಲ್ಲಿ ಬರೆದ ಮಾರ್ಗದರ್ಶಿಗಳನ್ನು ಓದಿ ಸ್ವಿಚ್ ಆರಿಸುವವರು ಒಂದು ಅಂಶವನ್ನು ಮರೆಯುತ್ತಾರೆ: ಕನ್ನಡ ಟೈಪ್ ಮಾಡುವವರ ಬೆರಳು ಬೀಳುವ ಜಾಗಗಳೇ ಬೇರೆ. ನುಡಿ ತಂತ್ರಾಂಶದಲ್ಲಿ ಬಳಕೆಯಾಗುವ ಕೆ.ಪಿ. ರಾವ್ ಕೀಲಿ ವಿನ್ಯಾಸದಲ್ಲಿ ಒತ್ತಕ್ಷರ ಮೂಡಿಸಲು ಎಫ್ ಕೀಲಿಯನ್ನು ಒತ್ತಬೇಕು. ನಮ್ಮ ಬರವಣಿಗೆಯಲ್ಲಿ ಒತ್ತಕ್ಷರವಿಲ್ಲದ ಸಾಲು ಸಿಗುವುದೇ ಅಪರೂಪವಾದ್ದರಿಂದ ಇಂಗ್ಲಿಷಿನಲ್ಲಿ ಅಷ್ಟೇನೂ ದುಡಿಯದ ಎಫ್ ಕೀಲಿ ಇಲ್ಲಿ ದಿನವಿಡೀ ದುಡಿಯುತ್ತದೆ. ದೀರ್ಘ ಸ್ವರಗಳಿಗೂ ಮಹಾಪ್ರಾಣಗಳಿಗೂ ಶಿಫ್ಟ್ ಬೇಕಾಗುವುದರಿಂದ ಎಡಗೈಯ ಕಿರುಬೆರಳಿನ ಕೀಲಿಯ ಮೇಲೂ ಹೊರೆ ಹೆಚ್ಚು. ಇನ್‌ಸ್ಕ್ರಿಪ್ಟ್ ವಿನ್ಯಾಸ ಬಳಸುವವರಿಗೆ ಒತ್ತಕ್ಷರದ ಕೆಲಸ ಡಿ ಕೀಲಿಯದು, ಆಕಾರದ ಚಿಹ್ನೆಯದು (ಾ) ಇ ಕೀಲಿಯದು. ಎಪಿಎಂಸಿ ಮಳಿಗೆಯಲ್ಲಿ ಟ್ಯಾಲಿ ನಡೆಸುವವರಿಗಾದರೋ ಬಲಗಡೆಯ ಅಂಕಿಗಳೂ ಅಲ್ಲಿನ ಎಂಟರೂ ಮೊದಲು ಸೋಲುತ್ತವೆ.

ಹೀಗೆ ಹೊರೆ ನಾಲ್ಕಾರು ಕೀಲಿಗಳ ಮೇಲೆ ಬೀಳುವಾಗ ಹಾಟ್‌ಸ್ವ್ಯಾಪ್‌ನಲ್ಲಿ ಒಂದು ಸರಳ ಉಪಾಯ ಸಾಧ್ಯ. ಅಪರೂಪಕ್ಕೆ ಬಳಕೆಯಾಗುವ ಸ್ಕ್ರಾಲ್ ಲಾಕ್, ಪಾಸ್ (Pause) ಮುಂತಾದ ಕೀಲಿಗಳ ಸ್ವಿಚ್ಚನ್ನು ಕಿತ್ತು ಎಫ್ ಕೀಲಿಗೆ ಹಾಕಿ, ಅಲ್ಲಿದ್ದುದನ್ನು ಇಲ್ಲಿಗೆ ತಂದರೆ ಹೊಸದು ಬರುವವರೆಗೆ ಒಂದು ರೂಪಾಯಿ ಖರ್ಚಿಲ್ಲದೆ ಕೆಲಸ ಸಾಗುತ್ತದೆ. ಮದುವೆಯ ಹಂಗಾಮಿನಲ್ಲಿ ಲಗ್ನಪತ್ರಿಕೆಗಳ ಕೆಲಸ ಮೇಲೆ ಬಿದ್ದಿರುವ ಡಿಟಿಪಿ ಕೇಂದ್ರಕ್ಕೆ ಇದಕ್ಕಿಂತ ದೊಡ್ಡ ಅನುಕೂಲ ಬೇರೇನಿದೆ?

ಶಿಫ್ಟನ್ನು ಹಗಲೆಲ್ಲ ಹಿಡಿಯುವ ಕಿರುಬೆರಳಿಗೆ ಹಗುರ ಸ್ವಿಚ್ ಹಾಕಿಕೊಡಬಹುದೆಂಬುದೂ ಇಲ್ಲಿ ಗಮನಿಸಬೇಕಾದ ಸಂಗತಿ. ಚೆರ್ರಿಯ ಕೆಂಪು ಸ್ವಿಚ್ ಇಳಿಯಲು 45 ಸೆಂಟಿನ್ಯೂಟನ್ ಬಲ ಸಾಕು, ಅಂದರೆ ಸುಮಾರು 46 ಗ್ರಾಂ ತೂಕವಿಟ್ಟಷ್ಟು. ಕಂದು ಸ್ವಿಚ್ಚಿಗೆ 55, ನೀಲಿಗೂ ಕಪ್ಪಿಗೂ 60 ಬೇಕು. ಕೆಂಪು ಮತ್ತು ಕಪ್ಪು ಸದ್ದಿಲ್ಲದೆ ನೇರ ಇಳಿಯುತ್ತವೆ, ಕಂದು ನಡುವೆ ಸಣ್ಣ ತಡೆಯೊಂದನ್ನು ಬೆರಳಿಗೆ ತಿಳಿಸುತ್ತದೆ, ನೀಲಿ ತಡೆಯ ಜೊತೆ ಟಿಕ್ ಎಂದು ಸದ್ದನ್ನೂ ಮಾಡುತ್ತದೆ. ಟೈಪ್ ಕೀಲಿಗಳಿಗೆಲ್ಲ ಕಂದು ಹಾಕಿ ಶಿಫ್ಟಿಗೆ ಮಾತ್ರ ಕೆಂಪು ಹಾಕುವ ಹೊಂದಾಣಿಕೆ ಕನ್ನಡದ ಬೆರಳಚ್ಚಿಗೆ ಚೆನ್ನಾಗಿ ಒಗ್ಗುತ್ತದೆ ಎಂದು ನನ್ನ ನಂಬಿಕೆ. ಹಲವರು ಕೂತು ಕೆಲಸ ಮಾಡುವ ಕೋಣೆಯಲ್ಲಿ ನೀಲಿ ಬೇಡ. ಟಿವಿಎಸ್ ಗೋಲ್ಡಿನ ಸದ್ದಿಗೆ ಕಿವಿ ಒಗ್ಗಿರುವವರು ಮಾತ್ರ ಅದನ್ನೇ ಬಯಸುತ್ತಾರೆ, ಅವರ ಬಯಕೆಯಲ್ಲಿ ತಪ್ಪೇನಿಲ್ಲ.

ಕೊಳ್ಳುವಾಗ ನೋಡಬೇಕಾದದ್ದು

ಕೀಕ್ರಾನ್‌ನಂಥ ತಯಾರಕರು ಒಂದೇ ಹೆಸರಿನ ಮಾದರಿಯನ್ನು ಬೆಸುಗೆಯದು, ಹಾಟ್‌ಸ್ವ್ಯಾಪ್ ಎಂದು ಎರಡು ಆವೃತ್ತಿಗಳಲ್ಲಿ ಮಾರಿದ್ದಾರೆ. ಬೆಲೆ ಕಡಿಮೆಯಿದೆ ಎಂದು ಕೊಂಡದ್ದು ಬೆಸುಗೆಯ ಆವೃತ್ತಿಯಾಗಿರಬಹುದು. ಅಗ್ಗದ ಕೀಬೋರ್ಡುಗಳಲ್ಲಿ ಮಾದರಿಯ ಹೆಸರು ಅದೇ ಇದ್ದು ಹೊಸದಾಗಿ ತಯಾರಾದ ಸರಕಿನಲ್ಲಿ ಬೇರೆ ಬೋರ್ಡು ಬಂದಿರುವುದೂ ಉಂಟು. ಆದ್ದರಿಂದ ಅಂಗಡಿಯವರನ್ನು ಕೇಳುವಾಗ ಹಾಟ್‌ಸ್ವ್ಯಾಪ್ ಇದೆಯೇ ಎಂದು ಕೇಳಿ ನಿಲ್ಲಿಸದೆ, ಔಟೆಮು ಅಲ್ಲದ ಬೇರೆ ಸ್ವಿಚ್ ಕೂರುತ್ತದೆಯೇ, ಬೋರ್ಡು ಮೂರು ಪಿನ್ನಿನದೋ ಐದು ಪಿನ್ನಿನದೋ, ಸ್ವಿಚ್ ಕಿತ್ತರೆ ವಾರಂಟಿ ಉಳಿಯುತ್ತದೆಯೇ ಎಂದು ಕೇಳಿ ಉತ್ತರವನ್ನು ಬರಹದಲ್ಲಿ ಪಡೆಯಿರಿ. ಮೊದಲ ಪ್ರಶ್ನೆಗೆ ಸ್ಪಷ್ಟ ಉತ್ತರ ಸಿಗದಿದ್ದರೆ ಅದನ್ನು ಕೊಳವೆಯ ಸಾಕೆಟ್ ಎಂದೇ ಭಾವಿಸಿ ಬೆಲೆಯನ್ನು ತೂಗಿ ನೋಡಿ.

ಕೀಬೋರ್ಡಿನ ಜೊತೆಯಲ್ಲೇ ಹತ್ತು ಸ್ವಿಚ್‌ಗಳ ಒಂದು ಪೊಟ್ಟಣವನ್ನು ತರಿಸಿಟ್ಟುಕೊಳ್ಳುವುದು ಜಾಣತನ. ಬಿಡಿ ಸ್ವಿಚ್‌ಗಳು ದುಬಾರಿಯಲ್ಲ. ಆದರೆ ಇಲ್ಲಿನ ಕಂಪ್ಯೂಟರ್ ಅಂಗಡಿಗಳಲ್ಲಿ ಅವು ಬಿಡಿಯಾಗಿ ಸಿಗುವುದು ವಿರಳ, ಮತ್ತು ನಾಲ್ಕು ಸ್ವಿಚ್‌ಗಳಿಗಾಗಿ ಸಾಗಾಟದ ವೆಚ್ಚ ಕೊಡುವುದು ಯಾರಿಗೂ ಹಿತವಲ್ಲ. ಹತ್ತರಲ್ಲಿ ಎರಡು ಮೂರು ಹಗುರ ಸ್ವಿಚ್‌ಗಳಿದ್ದರೆ ಶಿಫ್ಟಿನ ಪ್ರಯೋಗಕ್ಕೂ ಒದಗುತ್ತವೆ. ಕಿತ್ತ ಸ್ವಿಚ್‌ಗಳನ್ನು ಪಿನ್ ಮೇಲ್ಮುಖವಾಗಿ ಸಣ್ಣ ಡಬ್ಬಿಯಲ್ಲಿಟ್ಟರೆ ಪಿನ್‌ಗಳು ಮಡಚುವುದಿಲ್ಲ.

ಕೀಬೋರ್ಡ್ ಕೈಗೆ ಬಂದ ದಿನವೇ ಎಲ್ಲ ಕೀಲಿಗಳನ್ನು ಒಂದೊಂದಾಗಿ ಒತ್ತಿ, ಕೀಬೋರ್ಡ್ ಪರೀಕ್ಷಿಸುವ ಯಾವುದಾದರೂ ಪುಟದಲ್ಲಿ ಪ್ರತಿಯೊಂದೂ ಒಮ್ಮೆಯಷ್ಟೇ ದಾಖಲಾಗುತ್ತಿದೆಯೇ ಎಂದು ನೋಡಿ. ಆಮೇಲೆ ಮೂಲೆಯ ಎರಡು, ನಡುವಿನ ಎರಡು ಸ್ವಿಚ್‌ಗಳನ್ನು ಕಿತ್ತು ಒಳಗೆ ಇಣುಕಿ: ರಂಧ್ರದ ಕೆಳಗೆ ಅಗಲವಾದ ಲೋಹದ ಪಟ್ಟಿ ಕಂಡರೆ ಪಟ್ಟಿ ಸ್ಪ್ರಿಂಗಿನದು, ರಂಧ್ರದ ಅಂಚಿಗೆ ಸಮನಾಗಿ ದುಂಡನೆಯ ಉಂಗುರ ಕಂಡರೆ ಕೊಳವೆಯದು. ಹೇಳಿದ್ದಕ್ಕೂ ಕಂಡದ್ದಕ್ಕೂ ವ್ಯತ್ಯಾಸವಿದ್ದರೆ ಹಿಂತಿರುಗಿಸುವ ಅವಧಿ ಮುಗಿಯುವ ಮೊದಲೇ ಚಿತ್ರ ತೆಗೆದು ಮಾರಿದವರಿಗೆ ಕಳುಹಿಸಬೇಕು. ಆ ಅವಧಿ ಕಳೆದ ಮೇಲೆ ಸಾಕೆಟ್ಟಿನ ಬಗೆ ಬೇರೆಯಾಗಿತ್ತೆಂಬ ದೂರನ್ನು ಮಾರಾಟಗಾರರು ಸಾಮಾನ್ಯವಾಗಿ ಪರಿಗಣಿಸುವುದಿಲ್ಲ.